ಯಾರೂ ಒತ್ತದ ಸ್ವಿಚ್ಚು

ವರ್ಷಗಟ್ಟಲೆ ನಿಂತುಹೋದ ಟ್ರ್ಯಾಕ್ಟರಿನ ಹತ್ತಿರ ಹೋದ ಕೂಡಲೇ ಸ್ಪ್ಯಾನರ್ ತೆಗೆಯಬೇಡಿ. ಸುಮ್ಮನೆ ಅದರ ಸುತ್ತ ಒಂದು ಸುತ್ತು ಬನ್ನಿ. ಮೂಗಿಗೆ ಒಸಿ ಕೆಲಸ ಕೊಡಿ. ಹಳಸಿದ ಡೀಸೆಲ್ಲಿನ ವಾಸನೆ ಒಂದು ತರಹ, ಏರ್ ಕ್ಲೀನರಿನಲ್ಲಿ ಇಲಿ ಸತ್ತಿದ್ದರೆ ಇನ್ನೊಂದು ತರಹ. ಹೀಗೆ ಹೇಳಿದರೆ ಈಗ ಕೆಲಸಕ್ಕೆ ಸೇರುವವರು ಮುಸಿಮುಸಿ ನಗುತ್ತಾರೆ. ನಗಲಿ. ಅವರ ಕೈಲಿ ಲ್ಯಾಪ್‌ಟಾಪ್ ಇದೆ, ವೈರು ಚುಚ್ಚಿದರೆ ಇಂಜಿನ್ನು ತನ್ನ ಕಾಯಿಲೆಯನ್ನು ತಾನೇ ಒಪ್ಪಿಸುತ್ತದೆ. ನಮ್ಮ ಕಾಲದ ಇಂಜಿನ್ನುಗಳು ಬಾಯಿ ಬಿಡುತ್ತಿರಲಿಲ್ಲ.

ನಾನು ಕೋಡಿಹಳ್ಳಿ ಕಡೆಯವನು. ರಾಮನಗರದ ಒಂದು ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ. ಏನಾಗಿ ಸೇರಿದೆ, ಏನಾಗಿ ಹೊರಬಂದೆ ಅನ್ನುವುದನ್ನು ಬರೆದರೆ ನನ್ನ ಹೆಂಡತಿಯೂ ಓದುವುದಿಲ್ಲ. ಬೀಳ್ಕೊಡುಗೆಯ ದಿನ ಒಂದು ಗೋಡೆ ಗಡಿಯಾರ ಕೊಟ್ಟರು. ಮೂರೇ ತಿಂಗಳಿಗೆ ಅದು ನಿಂತಿತು. ಬಿಚ್ಚಿ ನೋಡಲು ಸೋಮಾರಿತನ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಕೆಲವು ವರ್ಷ ನನಗೆ ಬಂದದ್ದೆಲ್ಲ ನಿದ್ದೆ ಹೋದ ಟ್ರ್ಯಾಕ್ಟರುಗಳೇ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಹೊಲಗಳಿಗೆ ಕಲ್ಲುಕಂಬ ನೆಟ್ಟು ತಂತಿ ಎಳೆದರು. ಹೊಲ ಹೋದ ಮೇಲೆ ಟ್ರ್ಯಾಕ್ಟರಿಗೇನು ಕೆಲಸ? ಹುಣಸೆ ಮರದ ಕೆಳಗೆ, ಹಳೇ ರೇಷ್ಮೆ ಹುಳುಮನೆಗಳಲ್ಲಿ, ಹೊಸದಾಗಿ ಕಟ್ಟಿಸಿದ ತಾರಸಿ ಮನೆಯ ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತವು. ಮೂರು ನಾಲ್ಕು ವರ್ಷವಾದ ಮೇಲೆ ಯಾರಿಗೋ ಅದರ ನೆನಪಾಗುತ್ತಿತ್ತು. ಮಣ್ಣು ಹೊಡೆಯಲು ಬೇಕು, ನೀರಿನ ಟ್ಯಾಂಕರ್ ಎಳೆಯಲು ಬೇಕು, ‘ಬಂದು ಒಸಿ ನೋಡಿ’ ಎಂದು ವರ್ಕ್‌ಶಾಪಿಗೆ ಹೇಳಿ ಕಳಿಸುತ್ತಿದ್ದರು. ನಾನು ಚೀಲ ಹಿಡಿದು ಬಸ್ ಹತ್ತುತ್ತಿದ್ದೆ.

ಆ ಕೆಲಸದಲ್ಲಿ ಭಯ ಇದೆ ಅಂದರೆ ಯಾರೂ ನಂಬುವುದಿಲ್ಲ. ಮಾಗಡಿ ಕಡೆಯ ಒಂದು ತೋಟದಲ್ಲಿ ಏರ್ ಕ್ಲೀನರಿನ ಪೈಪು ಬಿಚ್ಚದೆ, ಸುಮ್ಮನೆ ಇಂಜಿನ್ ತಿರುಗುತ್ತದೋ ನೋಡೋಣ ಎಂದು ಕೈಯಲ್ಲೇ ಫ್ಯಾನ್ ಹಿಡಿದು ತಿರುಗಿಸುತ್ತಿದ್ದೆ. ಪೈಪಿನ ಬಾಯಲ್ಲಿ ಬೆಳ್ಳಗೆ ಏನೋ ಆಡಿತು. ಫ್ಯಾನ್ ತಿರುಗಿಸಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹಾವಿನ ಪೊರೆ. ಇಂಜಿನ್ ಉಸಿರು ಎಳೆದಾಗಲೆಲ್ಲ ಅದು ಬಾಲದ ಕಡೆಯಿಂದ ಮೆಲ್ಲಗೆ ಒಳಗೆ ಜಾರುತ್ತಿತ್ತು. ಪೊರೆ ಬಿಟ್ಟ ಹಾವು ಎಲ್ಲಿದೆ ಅನ್ನುವ ಯೋಚನೆ ಬಂದದ್ದು ಒಂದು ನಿಮಿಷ ಆದ ಮೇಲೆ. ಅವತ್ತು ನಾನು ಎಷ್ಟು ದೂರ ಹಾರಿದೆ ಅನ್ನುವುದನ್ನು ತೋಟದ ಮಾಲೀಕರು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು.

ಇನ್ನೊಂದು ನನ್ನದೇ ಪೆದ್ದುತನ. ಕೆಂಗಲ್ ಹತ್ತಿರದ ಒಂದು ಗಾಡಿ, ನಾಲ್ಕು ವರ್ಷ ನಿಂತಿದ್ದು. ಡೀಸೆಲ್ ಪಂಪಿನ ಸೀಲು ಹೋಗಿ ಡೀಸೆಲ್ಲೆಲ್ಲ ಇಳಿದು ಇಂಜಿನ್ ಆಯಿಲ್ ಜೊತೆ ಸೇರಿತ್ತು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ತುಂಬಾ ಇದೆ. ಪರವಾಗಿಲ್ಲ, ತುಂಬಾ ಇದೆಯಲ್ಲ ಎಂದು ಖುಷಿಪಟ್ಟು ಸ್ಟಾರ್ಟ್ ಮಾಡಿದೆ. ಶುರುವಾಯಿತು. ಆಮೇಲೆ ಅದರ ವೇಗ ತಾನಾಗಿಯೇ ಏರತೊಡಗಿತು. ಆಕ್ಸಿಲರೇಟರ್ ಮುಟ್ಟಿಲ್ಲ, ಆದರೂ ಕಿವಿ ಒಡೆಯುವ ಹಾಗೆ ಕಿರುಚುತ್ತಿದೆ. ಸ್ಟಾಪ್ ಎಳೆದೆ, ನಿಲ್ಲಲಿಲ್ಲ. ಡೀಸೆಲ್ ಪೈಪನ್ನೇ ಕಿತ್ತೆ, ಆಗಲೂ ನಿಲ್ಲಲಿಲ್ಲ. ಹೊಟ್ಟೆಯೊಳಗಿನ ಆಯಿಲನ್ನೇ ಕುಡಿದುಕೊಂಡು ಓಡುತ್ತಿತ್ತು. ನನ್ನ ಜೊತೆ ಬಂದಿದ್ದ ಫೋರ್‌ಮನ್ ಬಸಪ್ಪನವರು ಓಡಿ ಬಂದು ಗೋಣಿಚೀಲ ಸುತ್ತಿ ಇಂಜಿನ್ನು ಗಾಳಿ ಎಳೆಯುವ ಬಾಯಿಗೆ ತುರುಕಿದರು. ಎರಡು ಸಲ ಕೆಮ್ಮಿ ನಿಂತಿತು. ಅವರು ನನ್ನ ಕಡೆ ತಿರುಗಿ, “ಗಾಳಿ ಕಟ್ಟಿದ್ರೆ ಯಾವ್ದಾದ್ರೂ ನಿಲ್ತದೆ ಕಣ್ಲಾ, ನೀನೂ ಸೇರಿ” ಎಂದರು. ಅಂದಿನಿಂದ ನನ್ನ ಚೀಲದಲ್ಲಿ ಒಂದು ಅಂಗೈ ಅಗಲದ ಹಲಗೆ ತುಂಡು ಇರುತ್ತಿತ್ತು.

ಈ ಬಸಪ್ಪನವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಯಾವ ಬೈಗುಳವೂ ನಮಗೆ ತಾಗುತ್ತಿರಲಿಲ್ಲ. ಆದರೆ ‘ಡೈರೆಕ್ಟ್’ ಅನ್ನುವ ಒಂದು ಪದ ಕಿವಿಗೆ ಬಿದ್ದರೆ ಮಾತ್ರ ಅವರು ಬೈಯುತ್ತಿರಲಿಲ್ಲ, ಸುಮ್ಮನಾಗಿ ಬಿಡುತ್ತಿದ್ದರು. ಅದೇ ನಮಗೆ ಹೆದರಿಕೆ. ಟ್ರ್ಯಾಕ್ಟರಿಗೆ ಒಂದು ಸೇಫ್ಟಿ ಸ್ವಿಚ್ ಇರುತ್ತದೆ. ಗೇರು ಬಿದ್ದಿದ್ದರೆ ಅದು ಸ್ಟಾರ್ಟ್ ಆಗಲು ಬಿಡುವುದಿಲ್ಲ. ಆ ಸ್ವಿಚ್ಚು ಕೆಟ್ಟರೆ, ಕೀ ಕೆಟ್ಟರೆ, ಹೊಸದು ಬೆಂಗಳೂರಿನಿಂದ ಬರಲು ನಾಲ್ಕು ದಿನ. ಬಿತ್ತನೆಯ ಸಮಯದಲ್ಲಿ ರೈತ ನಾಲ್ಕು ದಿನ ಕಾಯುತ್ತಾನೆಯೇ? ಬ್ಯಾಟರಿಯಿಂದ ಒಂದು ವೈರು ಎಳೆದು, ನಡುವೆ ಒಂದು ಹಾರ್ನ್ ಸ್ವಿಚ್ಚು ಇಟ್ಟು, ಅಲ್ಲಿಂದ ಸೀದಾ ಸ್ಟಾರ್ಟರಿಗೆ. ಒತ್ತಿದರೆ ಸ್ಟಾರ್ಟ್. ಇದೇ ಡೈರೆಕ್ಟ್. ಹತ್ತು ನಿಮಿಷದ ಕೆಲಸ. ರೈತ ನಮ್ಮನ್ನು ಹೊಗಳುತ್ತಿದ್ದ, ಊಟ ಹಾಕಿಸುತ್ತಿದ್ದ. “ಮುಂದಿನ ವಾರ ಶೆಡ್ಡಿಗೆ ತನ್ನಿ, ಸರಿಯಾಗಿ ಹಾಕಿಕೊಡ್ತೀನಿ” ಎಂದು ನಾವು ಹೇಳುತ್ತಿದ್ದೆವು. ಯಾರೂ ತರುತ್ತಿರಲಿಲ್ಲ. ನಾವೂ ನೆನಪಿಸುತ್ತಿರಲಿಲ್ಲ. ಬಸಪ್ಪನವರು ರಿಟೈರ್ ಆಗುವ ಹೊತ್ತಿಗೆ ನಾನು ಎಷ್ಟು ಗಾಡಿಗಳಿಗೆ ಡೈರೆಕ್ಟ್ ಕೊಟ್ಟಿದ್ದೆನೋ ಲೆಕ್ಕವಿಟ್ಟಿಲ್ಲ. ನನಗೆ ಅದರಲ್ಲಿ ಒಂದು ಜಂಬವೂ ಇತ್ತು. ಬಿಸಿಲಿಗೆ ಇನ್ಸುಲೇಶನ್ ಟೇಪು ಬಿಟ್ಟುಕೊಳ್ಳುತ್ತದೆಂದು ನಾನು ಸೈಕಲ್ ಟ್ಯೂಬು ಸೀಳಿ ಪಟ್ಟಿ ಮಾಡಿ, ವೈರುಗಳನ್ನು ಒಟ್ಟಿಗೆ ಹೊಸೆದು ಬಿಗಿಯಾಗಿ ಸುತ್ತುತ್ತಿದ್ದೆ. ಇದು ಮಹದೇವನ ಕೈ ಅಂತ ನೋಡಿದರೆ ಗೊತ್ತಾಗಬೇಕು ಅಂತ ನನ್ನ ಆಸೆ.

ಬೈರಮಂಗಲದಿಂದ ಕರೆ ಬಂದದ್ದು ಒಂದು ಬೇಸಿಗೆಯಲ್ಲಿ, ಮೊದಲ ಮಳೆ ಬಿದ್ದ ವಾರ. ಜಯಮ್ಮ ಅನ್ನುವ ಹೆಂಗಸು ತಾನೇ ವರ್ಕ್‌ಶಾಪಿಗೆ ಬಂದಿದ್ದರು. ಗಂಡ ನಿಂಗೇಗೌಡರು ತೀರಿಕೊಂಡು ಆರು ವರ್ಷ, ಆರು ವರ್ಷದಿಂದ ಟ್ರ್ಯಾಕ್ಟರು ಶೆಡ್ಡಿನಲ್ಲಿದೆ, ನಡೆಯುವ ಹಾಗೆ ಮಾಡಿಕೊಡಬೇಕು. ಅವರ ಹೊಲದ ಸುತ್ತಮುತ್ತಲ ಜಮೀನು ಕಾರ್ಖಾನೆ ಪ್ರದೇಶಕ್ಕೆ ಹೋಗುತ್ತದೆ ಎಂಬ ಸುದ್ದಿ ಇತ್ತು. ಅಳತೆಯವರು ಬರುವ ಮೊದಲು ಹೊಲ ಉಳಬೇಕು ಅನ್ನುವುದು ಅವರ ಹಟ.

“ಬೀಳು ಬಿದ್ದೈತೆ ಅಂತ ಬರ್ಕಂಡೋದ್ರೆ ಮುಗೀತು ಕಣ್ ಮೇಸ್ತ್ರಿ. ನಮ್ಮೆಜಮಾನ್ರು ಗೇದ ಭೂಮಿ ಅದು. ಬೀಳು ಅನ್ನುಸ್ಕಬಾರ್ದು.”

“ಬಾಡಿಗೆ ಟ್ರ್ಯಾಕ್ಟರ್ ಸಿಗಲ್ವಾ ತಾಯಿ?”

“ಯಾರೂ ಆ ಹೊಲಕ್ಕೆ ಇಳಿಯಕಿಲ್ಲ ಅಂತಾರೆ.”

ಯಾಕೆಂದು ನಾನು ಕೇಳಲಿಲ್ಲ. ಬೈರಮಂಗಲದಲ್ಲಿ ಬಸ್ ಇಳಿದಾಗ ಟೀ ಅಂಗಡಿಯವರೇ ಹೇಳಿದರು. ನಿಂಗೇಗೌಡರು ಸತ್ತದ್ದು ಆ ಟ್ರ್ಯಾಕ್ಟರಿಗೇ ಸಿಕ್ಕಿ, ಆ ಹೊಲದಲ್ಲೇ. ರೇಡಿಯೇಟರಿಗೆ ನೀರು ಹಾಕುತ್ತಾ ಮುಂದೆ ನಿಂತಿದ್ದರು. ಟ್ರ್ಯಾಕ್ಟರು ಹಾರಿ ಬಂದು ಅವರನ್ನು ಕಲ್ಲಿನ ಬದುವಿಗೆ ಒತ್ತಿಬಿಟ್ಟಿತು. ಪಕ್ಕದಲ್ಲಿದ್ದವನು ತಮ್ಮ ಶಿವಲಿಂಗ ಒಬ್ಬನೇ. ಅದರ ಹಿಂದಿನ ವಾರವಷ್ಟೇ ಅಣ್ಣ ತಮ್ಮಂದಿರಿಗೆ ಕಾಲುವೆ ಪಕ್ಕದ ಹೊಲದ ಭಾಗಕ್ಕೆ ಜಗಳವಾಗಿತ್ತು. ಬ್ಯಾಟರಿಯ ತಂತಿ ಬಿಗಿ ಮಾಡುತ್ತಿದ್ದೆ, ಸ್ವಿಚ್ಚು ಮುಟ್ಟಲಿಲ್ಲ ಎಂದು ಶಿವಲಿಂಗ ಹೇಳಿದ. ಪೊಲೀಸರು ಕಾಗದದಲ್ಲಿ ಆಕಸ್ಮಿಕ ಎಂದು ಬರೆದು ಮುಗಿಸಿದರು. ಊರು ಮುಗಿಸಲಿಲ್ಲ.

“ಸ್ವಿಚ್ಚು ಒತ್ತದೆ ಟ್ಯಾಕ್ಟ್ರು ಹೆಂಗಣ್ಣ ಹಾರ್ತದೆ?” ಎಂದು ಟೀ ಅಂಗಡಿಯವರು ನನ್ನನ್ನೇ ಕೇಳಿದರು, ನಾನು ಮೆಕ್ಯಾನಿಕ್ಕು ಅಂತ ಗೊತ್ತಾದ ಮೇಲೆ. ನಾನು ತಲೆಯಾಡಿಸಿದೆ. ಹಾರುವುದಿಲ್ಲ ಅಂತಲೇ ನನ್ನ ಅಭಿಪ್ರಾಯವೂ ಆಗಿತ್ತು.

ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಆ ವರ್ಷಗಳಲ್ಲಿ ಕೋಡಿ ನೀರಿನಲ್ಲಿ ನೊರೆ ಏಳುತ್ತಿತ್ತು. ಬೆಳ್ಳಗಿನ ನೊರೆಯ ಮುದ್ದೆಗಳು ಗಾಳಿಗೆ ಎದ್ದು ದಾರಿಯ ಮೇಲೆ ಉರುಳಿಕೊಂಡು ಬರುತ್ತಿದ್ದವು. ಅವುಗಳನ್ನು ದಾಟಿಕೊಂಡು ಜಯಮ್ಮನವರ ಮನೆಗೆ ಹೋದೆ. ಎರಡು ಮನೆ, ನಡುವೆ ಒಂದು ಎದೆಮಟ್ಟದ ಗೋಡೆ. ಆಚೆ ಮನೆ ಶಿವಲಿಂಗನದು. ಗೋಡೆಯ ಕೊನೆಗೆ, ಎರಡೂ ಹಿತ್ತಲಿಗೆ ಬೆನ್ನು ಹಾಕಿಕೊಂಡು ಶೆಡ್ಡು.

ಜಯಮ್ಮ ಬೀಗ ತೆಗೆದರು. ತೆಗೆಯುವ ಮೊದಲು ಬಾಗಿಲನ್ನು ಮೂರು ಸಲ ಬಡಿದರು.

“ಒಳಗೆ ಯಾರಿದಾರೆ ತಾಯಿ?”

“ಯಾರೂ ಇಲ್ಲ. ಸುಮ್ಕೆ ನುಗ್ಗಬಾರ್ದು ನೋಡಿ.”

ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಎಡಕ್ಕೆ ತಿರುಗಿದ್ದವು. ಟೈರುಗಳ ಗಾಳಿ ಇಳಿದು ರಿಮ್ಮಿನವರೆಗೆ ಕೂತಿದ್ದವು. ಬಾನೆಟ್ಟಿನ ಮೇಲೆ ಬೆರಳಿನಷ್ಟು ದಪ್ಪ ಧೂಳು, ಇಲಿಯ ಹಿಕ್ಕೆ, ಹಲ್ಲಿ ಮೊಟ್ಟೆ. ಬ್ಯಾಟರಿಯನ್ನು ಆಗಲೇ ತೆಗೆದು ಮಾರಿದ್ದರು. ನಾನು ಹೇಳಿದ ಹಾಗೆ ಒಂದು ಸುತ್ತು ಬಂದೆ. ಬಲಗಡೆ, ಹತ್ತುವ ಮೆಟ್ಟಿಲ ಹತ್ತಿರ ಬಂದಾಗ ಹೆಜ್ಜೆ ತಾನಾಗಿ ನಿಂತಿತು. ಮೆಟ್ಟಿಲಿನ ಪಕ್ಕದ ಬ್ಯಾಟರಿ ಪೆಟ್ಟಿಗೆಯ ಅಂಚಿನ ಮೇಲೆ ಧೂಳಿಲ್ಲ. ಸ್ಟೀರಿಂಗಿನ ಬಲ ಅರ್ಧದ ಮೇಲೆ ಧೂಳಿಲ್ಲ. ಅದರ ಕೆಳಗಿದ್ದ ಕರಿಯ ಹಾರ್ನ್ ಸ್ವಿಚ್ಚು ಯಾರೋ ದಿನಾ ಒರೆಸಿದ ಹಾಗೆ ಹೊಳೆಯುತ್ತಿತ್ತು.

“ಇಲ್ಲಿ ಯಾರು ಒರೆಸ್ತಾರೆ?”

ಜಯಮ್ಮ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬರಲಿಲ್ಲ.

“ಯಾರೂ ಒರ್ಸಕಿಲ್ಲ. ನಾನು ಬೀಗ ತೆಗೆಯೋದೇ ವರ್ಸಕ್ಕೊಂದ್ಸತಿ, ಆಯುಧಪೂಜೆಗೆ. ಆದ್ರೂ ಅಲ್ಲಿ ಧೂಳ್ ಕೂರಕಿಲ್ಲ.” ಸೆರಗು ಸರಿಮಾಡಿಕೊಂಡು, “ಅವ್ರು ಬತ್ತಾರೆ” ಎಂದರು, ಪಕ್ಕದೂರಿನಿಂದ ಯಾರೋ ಬರುತ್ತಾರೆ ಅನ್ನುವ ಹಾಗೆ.

ಹೆದರಿಕೆ ಮುಚ್ಚಿಕೊಳ್ಳಲು ನಾನು ಜೋರಾಗಿ ಕೆಮ್ಮಿ ಚೀಲ ಬಿಚ್ಚಿದೆ. ಡೈರೆಕ್ಟ್ ಸ್ವಿಚ್ಚು ನೋಡಿ ನನ್ನಂಥವನೇ ಯಾರೋ ಹಾಕಿದ್ದಾನೆ ಅಂದುಕೊಂಡೆ, ಅಷ್ಟೇ. ಅಂಥವು ಊರಿಗೆ ಹತ್ತಿದ್ದವು.

ಮೊದಲ ದಿನವೆಲ್ಲ ಅದರ ಹೊಟ್ಟೆ ತೊಳೆಯುವುದರಲ್ಲೇ ಹೋಯಿತು. ಇಂಜಿನ್ ಆಯಿಲ್ ಬಿಟ್ಟರೆ ಮೊದಲು ಬಂದದ್ದು ನೀರು, ಆಮೇಲೆ ಡಾಂಬರಿನಂಥದ್ದು. ಟ್ಯಾಂಕಿನ ತಳದಲ್ಲಿ ಡೀಸೆಲ್ಲು ಬೆಲ್ಲದ ಪಾಕವಾಗಿತ್ತು. ಫಿಲ್ಟರುಗಳನ್ನು ಬದಲಾಯಿಸಿ, ಇಂಜೆಕ್ಟರುಗಳನ್ನು ಬಿಚ್ಚಿ ಆ ತೂತಿನಲ್ಲಿ ಒಂದಿಷ್ಟು ಆಯಿಲ್ ಬಿಟ್ಟು ನೆನೆಯಲು ಬಿಟ್ಟೆ. ತುಕ್ಕು ಹಿಡಿದ ಪಿಸ್ಟನ್ನಿಗೆ ಅವಸರ ಮಾಡಬಾರದು. ಮಾರನೆಯ ದಿನ ಬೆಳಗ್ಗೆ ಫ್ಯಾನ್ ಹಿಡಿದು ತಿರುಗಿಸಿದರೆ ಕಾಲು ಇಂಚು ಅಲುಗಿತು. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ. ಹನ್ನೊಂದು ಗಂಟೆಗೆ ಪೂರ್ತಿ ಒಂದು ಸುತ್ತು ಬಂತು. ನಿಜ ಹೇಳುತ್ತೇನೆ, ಆ ಕ್ಷಣದ ಸಂತೋಷ ಇನ್ಯಾವುದರಲ್ಲೂ ಇಲ್ಲ. ಇಂಜೆಕ್ಟರ್ ಹಾಕಿ, ಡೀಸೆಲ್ ಪೈಪಿನ ಗಾಳಿ ತೆಗೆದೆ. ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಕೈಯಲ್ಲಿ ಅಲುಗಾಡಿಸಿ ನೋಡಿದೆ, ಚಕ್ರಕ್ಕೆ ಕಲ್ಲು ಕೊಟ್ಟೆ. ಕೊನೆಗೆ ವರ್ಕ್‌ಶಾಪಿನಿಂದ ತಂದಿದ್ದ ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿದೆ. ನಾನು ನೆಲದ ಮೇಲೆ, ಮೆಟ್ಟಿಲ ಪಕ್ಕ ಮಂಡಿಯೂರಿದ್ದೆ. ಸೀಟಿನ ಮೇಲೆ ಯಾರೂ ಇರಲಿಲ್ಲ. ಜಯಮ್ಮ ಬಾಗಿಲಲ್ಲಿದ್ದರು.

ಎರಡನೆಯ ತಂತಿಯನ್ನು ಟರ್ಮಿನಲ್ಲಿಗೆ ತಾಗಿಸಿದೆ. ಸ್ಟಾರ್ಟರು ಕರ್ ಎಂದು ತಿರುಗಿತು.

ಯಾರೂ ಏನನ್ನೂ ಒತ್ತಿರಲಿಲ್ಲ. ನಾನು ಬೆಚ್ಚಿ ಹಿಂದಕ್ಕೆ ಬಿದ್ದೆ. ತಂತಿ ಟರ್ಮಿನಲ್ಲಿಗೆ ಕಚ್ಚಿಕೊಂಡೇ ಇತ್ತು. ಕರ್, ಕರ್, ಕರ್. ಸೈಲೆನ್ಸರಿನಿಂದ ಒಂದು ತುತ್ತು ಮಸಿ ಹಾರಿತು, ಒಂದು ಹಕ್ಕಿಗೂಡು ಹಾರಿತು. ಇಂಜಿನ್ನು ಹತ್ತಿಕೊಂಡಿತು. ಆರು ವರ್ಷದ ಧೂಳು ಬಾನೆಟ್ಟಿನ ಮೇಲೆ ಕುಣಿಯತೊಡಗಿತು. ಖಾಲಿ ಸೀಟು ಸ್ಪ್ರಿಂಗಿನ ಮೇಲೆ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಇತ್ತು, ಯಾರೋ ಕೂತ ಹಾಗೆ. ಎದ್ದು ತಂತಿ ಕಿತ್ತೆ. ಸ್ಟಾರ್ಟರ್ ನಿಂತಿತು, ಇಂಜಿನ್ ನಿಲ್ಲಲಿಲ್ಲ. ಡೀಸೆಲ್ ಇಂಜಿನ್ನಿಗೆ ಓಡಲು ಕರೆಂಟು ಬೇಡ, ಅದು ನನಗೆ ಗೊತ್ತಿತ್ತು. ಸ್ಟಾಪ್ ಗುಂಡಿ ಎಳೆದೆ. ತುಕ್ಕು ಹಿಡಿದ ಕೇಬಲ್ಲು ತುಂಡಾಗಿ ಕೈಗೆ ಬಂತು. ಹೊಗೆಯಲ್ಲಿ ಏನೂ ಕಾಣುತ್ತಿಲ್ಲ. ಬಾಗಿಲ ಕಡೆಯಿಂದ ಜಯಮ್ಮನ ದನಿ ಮಾತ್ರ ಕೇಳುತ್ತಿತ್ತು.

“ಬಂದ್ರಾ? ರೀ, ಬಂದ್ರಾ?”

ಚೀಲ ತಡಕಿ ಹಲಗೆ ತೆಗೆದು ಗಾಳಿಯ ಬಾಯಿಗೆ ಒತ್ತಿ ಹಿಡಿದೆ. ಅಂಗೈಯನ್ನು ಒಳಗಿನಿಂದ ಯಾರೋ ಹೀರಿದ ಹಾಗಾಯಿತು. ಕೆಮ್ಮಿ, ಅಲುಗಾಡಿ, ನಿಂತಿತು. ನಿಂತ ಮೇಲೂ ಹಲಗೆ ತೆಗೆಯಲು ಧೈರ್ಯವಾಗಲಿಲ್ಲ. ಇಂಥದ್ದಕ್ಕೆಲ್ಲ ಕಾರಣ ಇರುತ್ತದೆ ಎಂದು ಇನ್ನೊಬ್ಬರಿಗೆ ಹೇಳುವುದು ಸುಲಭ.

ಕಾರಣ ಹುಡುಕಿದೆ. ಟಾರ್ಚ್ ಹಿಡಿದು ಸ್ವಿಚ್ಚಿನಿಂದ ವೈರಿನ ಜಾಡು ಹಿಡಿದು ಹೋದೆ. ಎರಡು ವೈರು ಹೊಸೆದುಕೊಂಡು ಟ್ಯಾಂಕಿನ ಕೆಳಗೆ ನುಗ್ಗಿದ್ದವು. ಅಲ್ಲಿ ಕಬ್ಬಿಣದ ಪಟ್ಟಿಯೊಂದರ ಸಂದಿಯಲ್ಲಿ ಅವನ್ನು ಬಿಗಿಯಾಗಿ ಕಟ್ಟಿದ್ದರು. ಮನೆ ವೈರಿಂಗಿನ ತೆಳು ವೈರು. ಸ್ಟಾರ್ಟ್ ಮಾಡಿದಾಗಲೆಲ್ಲ ಬಿಸಿಯಾಗಿ, ಮೇಲಿನ ಪ್ಲಾಸ್ಟಿಕ್ಕು ಮೆತ್ತಗಾಗಿ, ಅದುರಾಟಕ್ಕೆ ಸವೆದು, ಎರಡರ ತಾಮ್ರವೂ ಒಂದಕ್ಕೊಂದು ಅಂಟಿಕೊಂಡಿತ್ತು. ಹೀಗೆ ಅಂಟಿದ ಮೇಲೆ ಸ್ವಿಚ್ಚು ಒತ್ತುವುದೇ ಬೇಡ. ಬ್ಯಾಟರಿ ತಂತಿ ಸರಿಯಾಗಿ ತಾಗಿದರೆ ಸಾಕು, ಸ್ಟಾರ್ಟರು ತಿರುಗುತ್ತದೆ. ಗೇರು ಬಿದ್ದಿದ್ದರೆ ಗಾಡಿ ಹಾರುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯದ ಗಾಡಿಯನ್ನು ಇಳಿಜಾರಿನಲ್ಲಿ ಗೇರಿನಲ್ಲೇ ನಿಲ್ಲಿಸುವುದು ನಮ್ಮ ಕಡೆ ಎಲ್ಲರಿಗೂ ಅಭ್ಯಾಸ.

ವೈರುಗಳನ್ನು ಕಟ್ಟಿದ್ದು ಸೈಕಲ್ ಟ್ಯೂಬಿನ ಪಟ್ಟಿಯಿಂದ.

ಅಲ್ಲೇ ಅಂಗಾತ ಮಲಗಿಕೊಂಡು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಆಗ ನೆನಪಾಯಿತು. ಯಾವುದೋ ವರ್ಷ, ರಾಗಿ ಬಿತ್ತನೆಯ ಸಮಯ, ದಾರಿಯಲ್ಲಿ ಹೋಗುತ್ತಿದ್ದವನನ್ನು ದಪ್ಪ ಮೀಸೆಯ ಒಬ್ಬರು ಕೂಗಿ ಕರೆದಿದ್ದರು. ಹೊಲದಲ್ಲೇ ಹತ್ತು ನಿಮಿಷದ ಕೆಲಸ. ಬದುವಿನ ಮೇಲೆ ಕೂರಿಸಿ ಕಡಲೆಕಾಯಿ ಕೊಟ್ಟಿದ್ದರು. ಆ ಬದು ಕಲ್ಲಿನದೇ ಇತ್ತು.

“ಏನಾಗಿತ್ತು ಮೇಸ್ತ್ರಿ?” ಜಯಮ್ಮ ಕೇಳಿದರು.

“ಏನಿಲ್ಲ ತಾಯಿ. ಬ್ಯಾಟರಿ ಹೊಸದಲ್ವಾ, ಪವರ್ ಜಾಸ್ತಿ.”

ಹೌದು, ಹಾಗೆಂದೆ. ಕಟಿಂಗ್ ಪ್ಲೇಯರಿನಲ್ಲಿ ಎರಡೂ ವೈರು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ರಿಟೈರ್ ಆಗಲು ಕೆಲವೇ ವರ್ಷ ಉಳಿದಿತ್ತು. ಸತ್ತವರು ಬರುವುದಿಲ್ಲ, ಆರು ವರ್ಷದ ಹಿಂದಿನದನ್ನು ಕೆದಕಿ ಯಾರಿಗೆ ಉಪಕಾರ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳುತ್ತೇನೆ, ಇಂಥ ಹೊತ್ತಿನಲ್ಲಿ ತಲೆ ಬಹಳ ಚುರುಕಾಗಿ ಓಡುತ್ತದೆ.

ಬಚ್ಚಲ ಹತ್ತಿರ ಕೈಗೆ ಸೀಮೆಎಣ್ಣೆ ಹಚ್ಚಿ ತೊಳೆಯುತ್ತಿದ್ದೆ. ಗೋಡೆಯ ಆಚೆ ಒಬ್ಬ ಮನುಷ್ಯ ನಿಂತಿದ್ದ. ಮಾಸಲು ಬನಿಯನ್ನು, ಗಡ್ಡ ನೆರೆತಿದೆ, ವಯಸ್ಸು ನಲವತ್ತೂ ಇರಬಹುದು ಅರವತ್ತೂ ಇರಬಹುದು. ಅವನು ನನ್ನನ್ನು ನೋಡುತ್ತಿರಲಿಲ್ಲ.

“ಅತ್ತಿಗೆ.”

ಜಯಮ್ಮ ತಿರುಗಲಿಲ್ಲ. ಅವರು ಅವನಿಗೆ ಉತ್ತರ ಕೊಟ್ಟು ಆರು ವರ್ಷವಾಗಿತ್ತಂತೆ. ಹಿಡಿ ಮಣ್ಣು ತೂರಿ ಶಾಪ ಹಾಕಿದ್ದೇ ಕೊನೆಯ ನೇರ ಮಾತು. ಆಮೇಲೆ ದಿನಾ ಬೆಳಗ್ಗೆ ಕೋಳಿಗೆ, ಪೊರಕೆಗೆ, ಬಿಂದಿಗೆಗೆ ಬೈಯುವ ನೆಪದಲ್ಲಿ ಗೋಡೆಯ ಆಚೆಗೆ ಕೇಳಿಸುವ ಹಾಗೆ ಬೈಯುತ್ತಿದ್ದರಂತೆ.

“ಅತ್ತಿಗೆ, ಈಗ ಅದು ಸ್ಟಾರ್ಟ್ ಆಯ್ತಲ್ಲ. ಸೀಟ್ ಮ್ಯಾಲೆ ಯಾರೂ ಇರ್ಲಿಲ್ಲ ಅಲ್ವಾ? ಯಾರೂ ಒತ್ಲಿಲ್ಲ ಅಲ್ವಾ? ನೀವು ನೋಡುದ್ರಲ್ಲ?”

ಜಯಮ್ಮ ಗೋಡೆಗೆ ಬೆನ್ನು ಹಾಕಿಕೊಂಡೇ, “ಮೇಸ್ತ್ರಿ ಏನೋ ಮಾಡುದ್ರು. ಬ್ಯಾಟ್ರಿ ಪವರ್ರು ಅಂತೆ” ಎಂದರು. ನನಗೆ ಹೇಳಿದ ಹಾಗೆ ಹೇಳಿದರು, ಅವನಿಗಲ್ಲ.

ಅವನ ಮುಖ ಬಿದ್ದುಹೋಯಿತು. ಆಮೇಲೆ ಅವನು ಹೇಳಿದ್ದನ್ನು ನಾನು ಮರೆತಿಲ್ಲ.

“ನೀವು ಡೈರಿಗೆ ಹೋದಾಗ ಹಿಂದುಗಡೆ ಹೆಂಚು ಸರ್ಸಿ ಇಳ್ದು ಹೋಗ್ತಿದ್ದೆ ಅತ್ತಿಗೆ. ಆ ಪೆಟ್ಗೆ ತಾವ ಅವತ್ತು ಕೂತಿದ್ದಂಗೇ ಕೂತ್ಕತಿದ್ದೆ. ಕೂತ್ಕಂಡು ಕೈ ಎತ್ತಿ ನೋಡ್ತಿದ್ದೆ, ಎಟುಕ್ತದಾ ಅಂತ. ಮೊಣಕೈ ತಗುಲ್ತೇನೋ, ಭುಜ ತಗುಲ್ತೇನೋ ಅಂತ. ಒಂದಿನ ಎಟುಕಕಿಲ್ಲ, ಒಂದಿನ ಎಟುಕ್ತದೆ. ಮೊದ್ಲು ಖಾತ್ರಿ ಇತ್ತು, ನಾನು ಒತ್ತಿಲ್ಲ ಅಂತ. ಈಗ ನಂಗೇ ಗೊತ್ತಿಲ್ಲ ಅತ್ತಿಗೆ. ಒತ್ಬುಟ್ನೇನೋ.”

ಧೂಳು ಕೂರದ ಜಾಗಗಳು ಯಾವುವೆಂದು ನನಗೆ ಅರ್ಥವಾಯಿತು. ಜಯಮ್ಮನಿಗೂ ಅರ್ಥವಾಗಿರಬೇಕು. ಅವರು ಮೊದಲ ಸಲ ಗೋಡೆಯ ಕಡೆ ತಿರುಗಿದರು. ಗಂಡ ಬಂದು ಕೂರುತ್ತಾರೆ ಎಂದು ನಂಬಿಕೊಂಡಿದ್ದವರು ಅವರು. ಅದೂ ಹೋಯಿತು.

ನನ್ನ ಜೇಬಿನಲ್ಲಿ ವೈರು ಇತ್ತು. ನಾನು ಒಳ್ಳೆಯವನೆಂದು ಇದನ್ನು ಬರೆಯುತ್ತಿಲ್ಲ. ಅವನ ಮುಖ ನೋಡಿಕೊಂಡು ಬಸ್ ಹತ್ತಲು ನನ್ನಿಂದ ಆಗಲಿಲ್ಲ, ಅಷ್ಟೇ.

“ಒತ್ತಿಲ್ಲ ಕಣಪ್ಪ” ಎಂದೆ. “ನೀನು ಒತ್ತಿಲ್ಲ. ಬಾ ಇಲ್ಲಿ. ತಾಯಿ, ನೀವೂ ಬನ್ನಿ.”

ಜೇಬಿನಿಂದ ತೆಗೆದು ತೋರಿಸಿದೆ. ಎಲ್ಲಿ ಸವೆದಿದೆ, ಹೇಗೆ ಅಂಟಿದೆ, ಬ್ಯಾಟರಿಯ ಟರ್ಮಿನಲ್ಲು ಲೂಸ್ ಆಗಿದ್ದಷ್ಟು ಹೊತ್ತು ಯಾಕೆ ಏನೂ ಆಗಲಿಲ್ಲ, ಬಿಗಿ ಮಾಡಿದ ಗಳಿಗೆಯಲ್ಲಿ ಯಾಕೆ ಹಾರಿತು. ಹೇಳುತ್ತಾ ಹೋದೆ. ಕೊನೆಗೆ ಹೇಳಬೇಕಾದ್ದನ್ನೂ ಹೇಳಿದೆ. “ಇದನ್ನ ಕಟ್ಟಿದ್ದು ನಾನು. ಈ ಟ್ಯೂಬಿನ ಪಟ್ಟಿ ನಂದು. ಗೌಡ್ರು ಅವಸರ ಅಂದ್ರು, ನಾನು ಡೈರೆಕ್ಟ್ ಕೊಟ್ಟೆ. ಮುಂದಿನ ವಾರ ಬಿಚ್ಚಿ ಸರಿಮಾಡ್ತೀನಿ ಅಂದಿದ್ದೆ. ಮಾಡಲಿಲ್ಲ.”

ಜಯಮ್ಮ ಆ ವೈರನ್ನು ಕೈಗೆ ತೆಗೆದುಕೊಂಡು ನೋಡಿ, “ಅದ್ನ ಮತ್ತೆ ಕಟ್ಟಿ ತೋರ್ಸಿ” ಎಂದರು.

ಡೀಸೆಲ್ ಮುಚ್ಚಿ, ವೈರನ್ನು ಮೊದಲಿನ ಹಾಗೇ ಕಟ್ಟಿ, ಟರ್ಮಿನಲ್ಲಿಗೆ ತಂತಿ ತಾಗಿಸಿದೆ. ಕರ್ ಎಂದಿತು. ತೆಗೆದೆ, ನಿಂತಿತು. “ಇನ್ನೊಂದ್ಸತಿ” ಎಂದರು. ಮಾಡಿದೆ. ಮೂರನೆಯ ಸಲ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ತಂತಿ ಹಿಡಿದುಕೊಂಡರು. ಖಾಲಿ ಸೀಟನ್ನು, ಆ ಕರಿಯ ಸ್ವಿಚ್ಚನ್ನು ನೋಡುತ್ತಾ ತಾಗಿಸಿದರು. ಕಿಡಿ ಹಾರಿತು. ಸ್ಟಾರ್ಟರು ತಿರುಗುತ್ತಲೇ ಇತ್ತು, ಅವರು ಬಿಡಲಿಲ್ಲ. ಕೊನೆಗೆ ಶಿವಲಿಂಗನೇ ಅವರ ಕೈ ಹಿಡಿದು ತಂತಿಯನ್ನು ಎಳೆದ. ಆ ಕೈಯನ್ನು ಅವರು ಕೊಡವಲಿಲ್ಲ.

ಮಾರನೆಯ ದಿನ ನಸುಕಿನಲ್ಲೇ ನಾನೇ ಬೆಂಗಳೂರಿಗೆ ಹೋಗಿ ಹೊಸ ಸೇಫ್ಟಿ ಸ್ವಿಚ್ಚು, ಹೊಸ ಕೀ, ಹೊಸ ಸ್ಟಾಪ್ ಕೇಬಲ್ಲು, ದಪ್ಪ ವೈರು ತಂದು ಹಾಕಿದೆ. ಟೈರಿಗೆ ಗಾಳಿ ಹಾಕಿಸಿ ಟ್ರ್ಯಾಕ್ಟರನ್ನು ಅಂಗಳಕ್ಕೆ ತಳ್ಳಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. ಗೇರು ಹಾಕಿ ಕೀ ತಿರುಗಿಸಿದೆ, ಕಮಕ್ ಕಿಮಕ್ ಅನ್ನಲಿಲ್ಲ. ನ್ಯೂಟ್ರಲ್ ಮಾಡಿ ತಿರುಗಿಸಿದೆ, ಹತ್ತಿಕೊಂಡಿತು. ಹತ್ತು ಸಲವಾದರೂ ಹೀಗೆ ಮಾಡಿ ನೋಡಿದೆ. ಉಳುವವರು ಯಾರು ಎಂದು ಕೇಳಿದೆ.

“ಅವ್ನೇ ಓಡುಸ್ಲಿ” ಎಂದರು ಜಯಮ್ಮ.

ಶಿವಲಿಂಗ ಹತ್ತಿ ಕೂತ. ಕೀ ಮೇಲೆ ಕೈ ಇಟ್ಟ. ತಿರುಗಿಸಲಿಲ್ಲ. “ನನ್ನ ಕೈಲಾಗಕಿಲ್ಲ ಅತ್ತಿಗೆ” ಎಂದು ಇಳಿಯಲು ಹೋದ.

ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳ ದಾಟಿ ಬಂದು ಟ್ರ್ಯಾಕ್ಟರಿನ ಮುಂದೆ ನಿಂತರು. ರೇಡಿಯೇಟರಿನಿಂದ ಒಂದು ಅಡಿ ದೂರದಲ್ಲಿ, ಬೆನ್ನ ಹಿಂದೆ ಗೋಡೆ.

“ಈಗ ಸ್ಟಾರ್ಟ್ ಮಾಡು.”

“ಅತ್ತಿಗೆ, ಬೇಡ, ಈ ಕಡೆ ಬನ್ನಿ.”

“ಮಾಡ್ಲಾ ಅಂದ್ರೆ.”

ಅವನು ನನ್ನನ್ನು ನೋಡಿದ. ನಾನು ಮೂವತ್ತು ಚಿಲ್ಲರೆ ವರ್ಷ ಆ ಕೆಲಸ ಮಾಡಿದವನು. ನನ್ನ ಕೈಯಿಂದ ಹೊರಬಂದ ಕೆಲಸಕ್ಕೆ ನಾನು ಹೆದರಿದ್ದು ಆಗಲೇ. ಓಡಿ ಹೋಗಿ ಅವರನ್ನು ಎಳೆದು ಬಿಡಲೇ ಅನ್ನಿಸಿತು. ಗೇರನ್ನು ಕಣ್ಣಿನಲ್ಲೇ ನೋಡಿದೆ, ಚಕ್ರದ ಕಲ್ಲನ್ನು ನೋಡಿದೆ. ಆಗಲಿ ಎಂದು ತಲೆಯಾಡಿಸಿದೆ. ಅವನು ಕಣ್ಣು ಮುಚ್ಚಿ ಕೀ ತಿರುಗಿಸಿದ.

ಇಂಜಿನ್ನು ಹತ್ತಿತು. ಗಾಡಿ ನಿಂತಲ್ಲೇ ನಿಂತಿತ್ತು. ಫ್ಯಾನಿನ ಗಾಳಿಗೆ ಜಯಮ್ಮನ ಕೂದಲು ಹಾರುತ್ತಿತ್ತು. ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಪಕ್ಕಕ್ಕೆ ಸರಿದು ಹೊಲದ ಕಡೆ ಕೈ ತೋರಿಸಿದರು. ನಾನು ಚಕ್ರದ ಕಲ್ಲು ಸರಿಸಿದೆ, ಶಿವಲಿಂಗ ಗಾಡಿ ಬಿಟ್ಟುಕೊಂಡು ಹೋದ. ಅವನು ಅಳುತ್ತಿದ್ದುದು ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ನಾನು ಸಾಮಾನು ಒಟ್ಟು ಮಾಡಿದೆ. ಅವರು ನನ್ನ ಹೆಸರು ಹೇಳಿ ಯಾರಿಗಾದರೂ ದೂರು ಕೊಡಲಿ, ಮುಖಕ್ಕೆ ಉಗಿಯಲಿ, ಏನಾದರೂ ಮಾಡಲಿ ಎಂದು ಕಾದೆ. ಅವರು ಟ್ರ್ಯಾಕ್ಟರು ಹೋದ ದಾರಿಯನ್ನೇ ನೋಡುತ್ತಿದ್ದರು.

“ತಾಯಿ, ನನಗೆ ಏನಾದ್ರೂ ಅಂದ್ಬುಡಿ” ಎಂದೆ.

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಏನಂತ ಅನ್ಲಿ ಮೇಸ್ತ್ರಿ? ನಿಮಗೆ ಅನ್ಬೇಕಾಗಿದ್ದನ್ನೆಲ್ಲ ಆರು ವರ್ಸ ಅವ್ನಿಗೆ ಅಂದ್ಬುಟ್ಟಿವ್ನಿ. ನನ್ತಾವ ಇನ್ನೇನೂ ಉಳ್ದಿಲ್ಲ.”

ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದೆ.